ಪೊಕ್ಕಿನಾ, ಪೆಪೆರೊನಾ? ಕಡ್ಡಿ ಮುರಿದ ಹಾಗೆ ಹೇಳಿ

ಬೆಣ್ಣೆದೋಸೆ_ಒಸಾಕಾ
ಎಲ್ಲರಿಗೂ ನಮಸ್ಕಾರ. ನನ್ನೂರು ದಾವಣಗೆರೆ, ಕೆಲಸ ಒಸಾಕಾದಲ್ಲಿ. ಬಂದು ಆರು ವರ್ಷ ಆಯ್ತು. ಊರಿಗೆ ಹೋಗುವಾಗೆಲ್ಲ ಸೂಟ್‌ಕೇಸಿನ ಒಂದು ಮೂಲೆ ಪೊಕ್ಕಿಗೇ ಮೀಸಲು. ಗೊತ್ತಿಲ್ಲದವರಿಗೆ ಹೇಳ್ತೇನೆ: ಪೆನ್ಸಿಲಿಗಿಂತ ತೆಳ್ಳಗಿನ ಬಿಸ್ಕತ್ತಿನ ಕಡ್ಡಿ, ಮೇಲೆ ಚಾಕೊಲೇಟ್ ಲೇಪ, ಹಿಡಿದುಕೊಳ್ಳೋಕೆ ಒಂದು ತುದಿ ಖಾಲಿ.

ಈ ಸಲ ಅಕ್ಕನ ಮಗಳು ಫೋನಿನಲ್ಲೇ ಬಾಂಬ್ ಹಾಕಿದಳು. ಪಿಯುಸಿ ಓದುತ್ತಾಳೆ, ದಿನಾ ಕೊರಿಯನ್ ಧಾರಾವಾಹಿ ನೋಡುತ್ತಾಳೆ. "ಮಾಮಾ, ಪೊಕ್ಕಿ ಬೇಡ, ಪೆಪೆರೊ ತಗೊಂಡು ಬಾ. ಪೊಕ್ಕಿ ಅದರ ಕಾಪಿ ಅಲ್ವಾ?" ಅಂದಳು. ಕಾಪಿ! ಇದೇ ಒಸಾಕಾದ ಗ್ಲಿಕೋ ಕಂಪನಿ ಪೊಕ್ಕಿ ತಂದದ್ದು 1966ರಲ್ಲಿ. ಕೊರಿಯಾದ ಲೊಟ್ಟೆ ಕಂಪನಿ ಅದೇ ಥರದ ಕಡ್ಡಿ ಪೆಪೆರೊ ತಂದದ್ದು 1983ರಲ್ಲಿ. ಹದಿನೇಳು ವರ್ಷ ದೊಡ್ಡ ಅಣ್ಣನನ್ನು ತಮ್ಮನ ಕಾಪಿ ಅಂದರೆ ಹೇಗೆ?

ಸರಿ, ವಯಸ್ಸಿನ ಮಾತು ಬಿಡಿ. ಎರಡನ್ನೂ ತಿಂದವರು ಹೇಳಿ, ರುಚಿಯಲ್ಲಿ ನಿಜವಾಗಿ ವ್ಯತ್ಯಾಸ ಇದೆಯಾ? ಇನ್ನೊಂದು, ನಮ್ಮಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಯಾವುದನ್ನು ಧೈರ್ಯವಾಗಿ ಕೊಡಬಹುದು?

ಕೋಡುಬಳೆ
ಕಡ್ಡಿಗೆ ಚಾಕೊಲೇಟ್ ಮೆತ್ತಿದ್ದಕ್ಕೇ ಇಷ್ಟು ಗಲಾಟೆ. ನಾಳೆ ಯಾರಾದರೂ ಕೋಡುಬಳೆಗೆ ಮೆತ್ತಿದರೆ ಏನು ಗತಿ?

ಕಿಮ್ಚಿ_ಉಪ್ಪಿನಕಾಯಿ
ಸಿಯೋಲ್ ಹತ್ತಿರ ಇದ್ದೇನೆ, ಐದನೇ ವರ್ಷ. ವ್ಯತ್ಯಾಸ ಖಂಡಿತ ಇದೆ ಸರ್. ಪೆಪೆರೊ ಕಡ್ಡಿ ಸ್ವಲ್ಪ ಗಟ್ಟಿ, ಕಟುಂ ಅನ್ನುತ್ತೆ. ಪೊಕ್ಕಿ ಕಡ್ಡಿಯಲ್ಲಿ ಬೆಣ್ಣೆ ಪರಿಮಳ ಜಾಸ್ತಿ. ಮಾಮೂಲಿ ಚಾಕೊಲೇಟಿನದ್ದು ತಗೊಂಡರೆ ನಾನೂ ಪೊಕ್ಕಿ ಪಕ್ಷವೇ. ಆದರೆ ಬಾದಾಮಿ ಚೂರು ಮೆತ್ತಿದ ಪೆಪೆರೊ ಮುಂದೆ ಯಾವ ಪೊಕ್ಕಿಯೂ ನಿಲ್ಲಲ್ಲ.

ಅಂದಹಾಗೆ ಕೊರಿಯಾದಲ್ಲೂ ಪೊಕ್ಕಿ ಸಿಗುತ್ತೆ. ಇಲ್ಲಿನ ಹೈತೈ ಅನ್ನೋ ಕಂಪನಿ ಗ್ಲಿಕೋ ಜೊತೆ ಸೇರಿ 2013ರಿಂದ ಮಾರುತ್ತಿದೆ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ, ಜಗಳ ಆಡಲ್ಲ.

ಬೆಣ್ಣೆದೋಸೆ_ಒಸಾಕಾ
ಬಾದಾಮಿ ಪೊಕ್ಕಿ 1971ರಲ್ಲೇ ಬಂದಿತ್ತು ಮೇಡಂ. ಆಗ ಪೆಪೆರೊ ಹುಟ್ಟೇ ಇರಲಿಲ್ಲ. ಸುಮ್ನೆ ನೆನಪಿಸಿದೆ ಅಷ್ಟೇ 🙂

ಕಿಮ್ಚಿ_ಉಪ್ಪಿನಕಾಯಿ
ಮೊದಲು ಬಂದದ್ದೇ ರುಚಿ ಅಂತಾದರೆ ನಾವೆಲ್ಲ ಇನ್ನೂ ರಾಗಿ ಅಂಬಲಿ ಕುಡಿದುಕೊಂಡಿರಬೇಕಿತ್ತು.

ಹಿತ್ತಲಗಿಡ
ರಾಗಿ ಅಂಬಲಿಗೆ ಏನಮ್ಮಾ ಆಗಿದೆ?

ಪುತ್ತೂರು_ಮುತ್ತು
ನನಗೆ ಮೊದಲಿನಿಂದ ಒಂದು ತೊಂದರೆ. ನಮ್ಮ ಕಡೆ ಲೊಟ್ಟೆ ಅಂದರೆ ಸುಳ್ಳು. ಡಬ್ಬಿ ಮೇಲೆ ಅಷ್ಟು ದೊಡ್ಡದಾಗಿ ಸುಳ್ಳು ಅಂತ ಬರೆದುಕೊಂಡು ಮಾರುವ ಕಂಪನಿಯನ್ನು ಹೇಗೆ ನಂಬೋದು ಮಾರಾಯ್ರೆ?

ಕೋಡುಬಳೆ
ನಮ್ಮ ಕಡೆ ಲೊಟ್ಟೆ ಹೊಡೆಯೋದು ಅಂದರೆ ನಾಲಿಗೆ ಚಪ್ಪರಿಸೋದು. ತಿಂಡಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಬೆಣ್ಣೆದೋಸೆ_ಒಸಾಕಾ
ಹೆಸರಿನ ಮಾತು ಬಂತಲ್ಲ, ಪೊಕ್ಕಿ ಅನ್ನೋದೂ ಒಂದು ಶಬ್ದವೇ. ಕಡ್ಡಿ ಮುರಿದಾಗ ಬರುವ ಸದ್ದಿಗೆ ಜಪಾನಿನವರು 'ಪೊಕ್ಕಿನ್' ಅನ್ನುತ್ತಾರೆ. ನಮ್ಮಲ್ಲಿ ಮಾಡಿದ್ದರೆ 'ಲಟಕಿ' ಅಂತ ಇಡುತ್ತಿದ್ದರೇನೋ.

ಖಾಲಿ ತುದಿಗೂ ಒಂದು ಕಥೆ ಇದೆ. ಮೊದಲು ಪೂರ್ತಿ ಕಡ್ಡಿಗೆ ಚಾಕೊಲೇಟ್ ಹಚ್ಚಿ ಬೆಳ್ಳಿ ಹಾಳೆ ಸುತ್ತೋಣ ಅಂದುಕೊಂಡಿದ್ದರಂತೆ. ಕೈಯೆಲ್ಲ ಅಂಟು. ಆಮೇಲೆ ಹೊಳೆದದ್ದು ಒಸಾಕಾದ ಕುಶಿಕಾತ್ಸು. ಕಡ್ಡಿಗೆ ಚುಚ್ಚಿ ಎಣ್ಣೆಯಲ್ಲಿ ಕರಿದ ತಿಂಡಿ ಅದು, ಇಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತೆ. ಹಿಡಿಯೋಕೆ ಕಡ್ಡಿ ತುದಿ ಇರುತ್ತಲ್ಲ, ಅದೇ ಉಪಾಯ. ಇಡೀ ತಿಂಡಿಯ ಬುದ್ಧಿವಂತಿಕೆ ಇರೋದು ಆ ಎರಡು ಬೆರಳಿನ ಜಾಗದಲ್ಲಿ. ಪೆಪೆರೊದವರು ಎತ್ತಿಕೊಂಡದ್ದೂ ಅದನ್ನೇ.

ಮೊಗ್ಗಿನಜಡೆ
ಅಂಕಲ್, ಪೊಕ್ಕಿ ಕುಶಿಕಾತ್ಸುವಿನಿಂದ ಎತ್ತಿದರೆ ಸ್ಫೂರ್ತಿ, ಪೆಪೆರೊ ಪೊಕ್ಕಿಯಿಂದ ಎತ್ತಿದರೆ ಕಳ್ಳತನ. ಚೆನ್ನಾಗಿದೆ ನಿಮ್ಮ ನ್ಯಾಯ!

ನಾನೂ ಪೆಪೆರೊ ಪಾರ್ಟಿ. ಕೊರಿಯನ್ ಹಾಡಿನ ತಂಡಗಳಾದ ನ್ಯೂಜೀನ್ಸ್, ಸ್ಟ್ರೇ ಕಿಡ್ಸ್ ಇಬ್ಬರೂ ಅದರ ಜಾಹೀರಾತು ಮಾಡಿದ್ದಾರೆ. ನವೆಂಬರ್ 11 ಪೆಪೆರೊ ಡೇ. ನಾಲ್ಕು ಒಂದು ನಿಲ್ಲಿಸಿದರೆ ನಾಲ್ಕು ಕಡ್ಡಿ. ನಮ್ಮ ಕಾಲೇಜಿನಲ್ಲಿ ಈ ಸಲ ಮಾಡುತ್ತಿದ್ದೇವೆ.

ಬೆಣ್ಣೆದೋಸೆ_ಒಸಾಕಾ
ಜಪಾನಿನಲ್ಲೂ ನವೆಂಬರ್ 11 ಪೊಕ್ಕಿ ದಿನ ಕಣಮ್ಮಾ. ಕೊರಿಯಾದವರು ಅದನ್ನೂ ಬಿಡಲಿಲ್ಲ ನೋಡಿ.

ಕಿಮ್ಚಿ_ಉಪ್ಪಿನಕಾಯಿ
ಸಿಕ್ಕಿಬಿದ್ದಿರಿ ಸರ್! ಜಪಾನಿನಲ್ಲಿ ಪೊಕ್ಕಿ ದಿನ ಶುರುವಾದದ್ದು 1999ರಲ್ಲಿ. ಅದು ಅಲ್ಲಿನ ಚಕ್ರವರ್ತಿಯ ಆಳ್ವಿಕೆಯ ವರ್ಷ ಎಣಿಸುವ ಹೆಯ್ಸೆಯ್ ಲೆಕ್ಕದಲ್ಲಿ 11ನೇ ವರ್ಷ. 11ನೇ ವರ್ಷ, 11ನೇ ತಿಂಗಳು, 11ನೇ ದಿನ ಅಂತ ಹಿಡಿದರು. ಕೊರಿಯಾದ ಶಾಲಾ ಹುಡುಗಿಯರು ಅದಕ್ಕೆ ಮುಂಚೆಯೇ ಪೆಪೆರೊ ಹಂಚಿಕೊಳ್ಳುತ್ತಿದ್ದರು. ಕಡ್ಡಿಯ ಹಾಗೆ ಉದ್ದ, ತೆಳ್ಳಗೆ ಆಗಲಿ ಅಂತ ಒಬ್ಬರಿಗೊಬ್ಬರು ಕೊಡುತ್ತಿದ್ದರು ಅನ್ನೋ ಕಥೆ ಇದೆ. ಅದನ್ನು ನೋಡಿ ಲೊಟ್ಟೆ ಹಬ್ಬ ಮಾಡಿತು.

ಹಾಗಾಗಿ ತಿಂಡಿ ಅವರದ್ದನ್ನು ಇವರು ನೋಡಿದರು, ಹಬ್ಬ ಇವರದ್ದನ್ನು ಅವರು ನೋಡಿದರು. ಲೆಕ್ಕ ಚುಕ್ತಾ.

ಅದೇ ದಿನ ಇಲ್ಲಿ ರೈತರ ದಿನ ಕೂಡ, 1996ರಿಂದ. ಫ್ಯಾಕ್ಟರಿ ಕಡ್ಡಿ ಬಿಟ್ಟು ಅಕ್ಕಿ ತಿಂಡಿ ತಿನ್ನಿ ಅಂತ ಗರೆತ್ತೊಕ್ ಹಂಚುತ್ತಾರೆ. ಒತ್ತುಶ್ಯಾವಿಗೆಯ ಉಂಡೆಯನ್ನೇ ಬೆರಳು ಗಾತ್ರಕ್ಕೆ ಹೊಸೆದರೆ ಹೇಗಿರುತ್ತೆ, ಹಾಗೆ. ಅದೂ ಉದ್ದ ಕಡ್ಡಿಯೇ ಅಲ್ವಾ. ಹುಡುಗರು ಮಾತ್ರ ಪೆಪೆರೊ ಕಡೆಗೇ ಓಡುತ್ತಾರೆ.

ಹಿತ್ತಲಗಿಡ
ನವೆಂಬರ್ ತಿಂಗಳು ಅಂದರೆ ನಮಗೆ ರಾಜ್ಯೋತ್ಸವ, ಬಸವನಗುಡಿ ಕಡಲೆಕಾಯಿ ಪರಿಷೆಯ ಕಾಲ. ಕಡಲೆಕಾಯಿಗೂ ಒಂದು ಜಾಹೀರಾತು ಮಾಡಿಸಿ ಯಾರಾದರೂ.

ಕರಿಕೋಟು_ಹುಬ್ಬಳ್ಳಿ
ಕಾಪಿ ಹೌದೋ ಅಲ್ಲವೋ ಅಂತ ನೀವು ಇಲ್ಲಿ ಒದ್ದಾಡುತ್ತಿದ್ದೀರಿ. ಇದು ಕೋರ್ಟಿನಲ್ಲಿ ತೀರ್ಮಾನ ಆಗಿರುವ ವಿಷಯ. ವೃತ್ತಿಯಲ್ಲಿ ವಕೀಲ, ಟ್ರೇಡ್‌ಮಾರ್ಕ್ ನನ್ನ ಕೆಲಸ. ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಗ್ಲಿಕೋ ಅಮೆರಿಕದಲ್ಲಿ ಪೊಕ್ಕಿ ಮಾರೋಕೆ ಶುರು ಮಾಡಿದ್ದು 1978ರಲ್ಲಿ. ಆಮೇಲೆ ಲೊಟ್ಟೆಯೂ ಅಲ್ಲಿಗೆ ಪೆಪೆರೊ ತಂದಿತು. 1993ರಿಂದ 1995ರವರೆಗೆ ಗ್ಲಿಕೋ "ನಿಲ್ಲಿಸಿ" ಅಂತ ಪತ್ರ ಬರೆಯಿತು. ಲೊಟ್ಟೆ ನಿಲ್ಲಿಸಲಿಲ್ಲ. ಗ್ಲಿಕೋ ಸುಮ್ಮನಾಯಿತು. ಎಷ್ಟು ವರ್ಷ? ಹೆಚ್ಚುಕಮ್ಮಿ ಇಪ್ಪತ್ತು! 2015ರಲ್ಲಿ ಎದ್ದು ನ್ಯೂಜೆರ್ಸಿ ಕೋರ್ಟಿಗೆ ಹೋಯಿತು. ಅಲ್ಲಿ ಸೋತಿತು. 2020ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಸೋತಿತು. ಸುಪ್ರೀಂ ಕೋರ್ಟು 2021ರಲ್ಲಿ ಕೇಸು ಕೇಳೋಕೇ ಒಪ್ಪಲಿಲ್ಲ.

ಸೋತ ಕಾರಣ ಕೇಳಿ, ಮಜಾ ಇದೆ. ಒಂದು ಆಕಾರ ನಿನ್ನ ಗುರುತು ಮಾತ್ರ ಆಗಿದ್ದರೆ ಕಾನೂನು ಕಾಪಾಡುತ್ತೆ. ಆದರೆ ಆ ಆಕಾರದಿಂದ ಉಪಯೋಗ ಇದ್ದರೆ ಅದು ನಿನ್ನೊಬ್ಬನ ಸ್ವತ್ತಲ್ಲ. ಖಾಲಿ ತುದಿ ಯಾಕೆ? ಕೈಗೆ ಅಂಟದಿರಲಿ ಅಂತ. ತೆಳ್ಳಗೆ ಯಾಕೆ? ಬಾಯಿ ದೊಡ್ಡದಾಗಿ ತೆರೆಯದೆ ತಿನ್ನಲಿ, ಡಬ್ಬಿಯಲ್ಲಿ ಜಾಸ್ತಿ ಹಿಡಿಸಲಿ ಅಂತ. ಇದನ್ನೆಲ್ಲ ಗ್ಲಿಕೋ ತಾನೇ ತನ್ನ ಜಾಹೀರಾತಿನಲ್ಲಿ ಹೊಗಳಿಕೊಂಡಿತ್ತು. ಆ ಹೊಗಳಿಕೆಯೇ ಕೋರ್ಟಿನಲ್ಲಿ ತಿರುಗಿಬಿತ್ತು. ದಾವಣಗೆರೆ ಸರ್ ಮೇಲೆ "ಬುದ್ಧಿವಂತಿಕೆ ಇರೋದು ಆ ಜಾಗದಲ್ಲಿ" ಅಂದರಲ್ಲ, ಲೊಟ್ಟೆ ವಕೀಲರಿಗೆ ಬೇಕಿದ್ದ ಸಾಕ್ಷಿ ಅದೇ.

ಬೆಣ್ಣೆದೋಸೆ_ಒಸಾಕಾ
ಅಯ್ಯೋ. ನನ್ನ ಬಾಯಿಂದಲೇ ಕೇಸು ಸೋಲಿಸಿದಿರಾ.

ಮೊಗ್ಗಿನಜಡೆ
ಲೊಟ್ಟೆ ಗೆದ್ದಿತು! ಕಾಪಿ ಅಲ್ಲ ಅಂತ ಸಾಬೀತಾಯ್ತು!

ಕರಿಕೋಟು_ಹುಬ್ಬಳ್ಳಿ
ತಡಿ ತಂಗಿ. ಕಾಪಿ ಅಲ್ಲ ಅಂತ ಯಾರೂ ಹೇಳಲಿಲ್ಲ. ಕಾಪಿ ಮಾಡಿದರೂ ಪರವಾಗಿಲ್ಲ ಅಂದರು. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು ಕೇಸು ಸಿಯೋಲಿನದ್ದು. ಗ್ಲಿಕೋದ ದುಬಾರಿ ಕಡ್ಡಿ ಇದೆ, ಬಟಾನ್ ಡೋರ್ ಅಂತ. ಲೊಟ್ಟೆ 'ಪ್ರೀಮಿಯರ್ ಪೆಪೆರೊ' ಅಂತ ತಂದಿತು. ಡಬ್ಬಿ ನೋಡಿದರೆ ಅವಳಿ ಮಕ್ಕಳು. 2015ರಲ್ಲಿ ಸಿಯೋಲ್ ಕೋರ್ಟು ಆ ಡಬ್ಬಿ ಮಾರಬೇಡಿ, ಇರೋದನ್ನೂ ನಾಶ ಮಾಡಿ ಅಂತ ಲೊಟ್ಟೆಗೆ ಹೇಳಿತು. ಲೊಟ್ಟೆಯ ಸ್ವಂತ ಊರಲ್ಲೇ! ಕಡ್ಡಿಯಲ್ಲಿ ಗೆದ್ದವರು ಡಬ್ಬಿಯಲ್ಲಿ ಸೋತರು.

ಬೆಣ್ಣೆದೋಸೆ_ಒಸಾಕಾ
ಸಮಾಧಾನ ಆಯ್ತು ಸರ್. ಬಟಾನ್ ಡೋರ್ ತಗೊಳ್ಳೋಕೆ ಇಲ್ಲಿ ದೊಡ್ಡ ಮಳಿಗೆಗಳಲ್ಲಿ ಸಾಲು ನಿಲ್ಲುತ್ತಾರೆ. ನಾನೂ ಒಮ್ಮೆ ನಿಂತಿದ್ದೆ. ಬೆಣ್ಣೆ ವಾಸನೆ ಮೂಗಿಗೆ ಬಡಿದರೆ ನಮ್ಮೂರ ದೋಸೆ ಹೋಟೆಲ್ ನೆನಪಾಗುತ್ತೆ, ಸುಳ್ಳಲ್ಲ.

ಪುತ್ತೂರು_ಮುತ್ತು
ಲೊಟ್ಟೆ ಅಲ್ಲ ಅನ್ನಿ.

ಪೆನಾಂಗ್_ಪಡ್ಡು
ಮಲೇಷ್ಯಾದಿಂದ ಒಂದು ಸೇರಿಸುತ್ತೇನೆ. ನಾನು ಇಲ್ಲಿಗೆ ಬಂದಾಗ ಪೊಕ್ಕಿ ಹೆಸರು 'ರಾಕಿ' ಅಂತ ಇತ್ತು. ಪೊಕ್ಕಿ ಅಂದರೆ ಪೋರ್ಕ್ ಅಂದ ಹಾಗೆ ಕೇಳುತ್ತೆ, ಮುಸ್ಲಿಂ ಗಿರಾಕಿಗಳು ಮುಟ್ಟಲ್ಲ ಅನ್ನೋ ಭಯ. 2014ರಲ್ಲಿ ಇಲ್ಲೂ ಪೊಕ್ಕಿ ಮಾಡಿದರು. ನನ್ನ ಮಗ ಈಗಲೂ ರಾಕಿ ಅಂತಲೇ ಕೇಳುತ್ತಾನೆ.

ಯುರೋಪಿನಲ್ಲಿ ಅದೇ ಕಡ್ಡಿ 'ಮಿಕಾಡೊ'. ಕಡ್ಡಿ ಚೆಲ್ಲಿ ಒಂದೊಂದಾಗಿ ಎತ್ತುವ ಆಟ ಇದೆಯಲ್ಲ, ಅದರ ಹೆಸರು.

ಟಿಕೆಟ್_ಕ್ಲೋಸ್ಡ್
ನೀವೆಲ್ಲ ಟೊಪ್ಪೊ ಮರೆತಿದ್ದೀರಿ. ಚಾಕೊಲೇಟ್ ಒಳಗೆ, ಬಿಸ್ಕತ್ತು ಹೊರಗೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಕೈಗೆ ಅಂಟದ ಕಡ್ಡಿ ಅದೊಂದೇ. ಕೊನೆ ತುದಿವರೆಗೂ ಚಾಕೊಲೇಟ್ ತುಂಬಿರುತ್ತೆ, ಖಾಲಿ ತುದಿಗೆ ದುಡ್ಡು ಕೊಟ್ಟೆ ಅನ್ನೋ ಬೇಜಾರಿಲ್ಲ. ಅದೂ ಲೊಟ್ಟೆಯದ್ದೇ, ಆದರೆ ಜಪಾನಿನ ಲೊಟ್ಟೆ.

ಹಿತ್ತಲಗಿಡ
ಲೊಟ್ಟೆ ಕೊರಿಯಾದ್ದೋ ಜಪಾನಿನದ್ದೋ? ಒಂದು ಸರಿಯಾಗಿ ಹೇಳಿ.

ಕಿಮ್ಚಿ_ಉಪ್ಪಿನಕಾಯಿ
ಎರಡೂ ಹೌದು ಸರ್, ಅದೇ ತಮಾಷೆ. ಕಟ್ಟಿದವರು ಶಿನ್ ಕ್ಯೊಕ್-ಹೊ, ಹುಟ್ಟಿದ್ದು ಕೊರಿಯಾದಲ್ಲಿ. ಕಂಪನಿ ಶುರು ಮಾಡಿದ್ದು 1948ರಲ್ಲಿ ಟೋಕಿಯೊದಲ್ಲಿ. 1967ರಲ್ಲಿ ಕೊರಿಯಾದಲ್ಲಿ ಲೊಟ್ಟೆ ಕನ್ಫೆಕ್ಷನರಿ ತೆರೆದರು. ಇದನ್ನು ದೇಶಗಳ ಜಗಳ ಅಂದುಕೊಂಡವರಿಗೆ ಎಲ್ಲಿ ಗೆರೆ ಎಳೆಯಬೇಕು ಅಂತಲೇ ಗೊತ್ತಾಗಲ್ಲ.

ಓವನ್_ಅಕ್ಕ
ಜಯನಗರದಲ್ಲಿ ಮನೆಯಿಂದಲೇ ಕೇಕ್, ಬಿಸ್ಕತ್ತು ಮಾಡಿ ಮಾರುತ್ತೇನೆ. ಚಾಕೊಲೇಟ್ ಬಗ್ಗೆ ಸ್ವಲ್ಪ ಹೇಳಲಾ?

ಕೋಕೋ ಬೆಣ್ಣೆ ಕರಗೋದು ಸುಮಾರು 32ರಿಂದ 34 ಡಿಗ್ರಿಯಲ್ಲಿ. ನಮ್ಮ ಬಾಯಿಯ ಬಿಸಿಗಿಂತ ಒಂಚೂರು ಕಮ್ಮಿ. ಅದಕ್ಕೇ ಒಳ್ಳೆ ಚಾಕೊಲೇಟ್ ನಾಲಿಗೆ ಮೇಲೆ ಇಟ್ಟ ತಕ್ಷಣ ಜಾರುತ್ತೆ. ಬೇರೆ ಎಣ್ಣೆಕೊಬ್ಬು ಸೇರಿಸಿದರೆ ಬಿಸಿಲು ತಡೆಯುತ್ತೆ, ಆದರೆ ಬಾಯಲ್ಲಿ ಮೇಣ ತಿಂದ ಹಾಗೆ ಅಂಗುಳಕ್ಕೆ ಹತ್ತುತ್ತೆ. ಜಪಾನಿನಲ್ಲಿ ಚಳಿಗಾಲಕ್ಕೆ ಮಾತ್ರ ಬರುವ ಪೊಕ್ಕಿ ಒಂದಿದೆ, ಮೇಲೆ ಕೋಕೋ ಪುಡಿ ಉದುರಿಸಿರುತ್ತಾರೆ. ಗೆಳತಿ ತಂದುಕೊಟ್ಟಿದ್ದಳು. ಅದನ್ನು ತಿಂದ ಮೇಲೆ ಮಾಮೂಲಿ ಪೊಕ್ಕಿ ಸಪ್ಪೆ ಅನ್ನಿಸಿತು. ಹಾಗಾಗಿ ಎರಡು ಬ್ರ್ಯಾಂಡ್ ಹೋಲಿಸುವ ಮುಂಚೆ ಯಾವ ದೇಶದ ಫ್ಯಾಕ್ಟರಿಯದ್ದು ಅಂತ ಡಬ್ಬಿ ತಿರುಗಿಸಿ ನೋಡಿ. ಥಾಯ್ಲೆಂಡಿನಲ್ಲಿ ಮಾಡಿದ ಪೊಕ್ಕಿಯನ್ನು ಕೊರಿಯಾದ ಪೆಪೆರೊ ಜೊತೆ ಇಟ್ಟು ಜಪಾನ್ ಸೋತಿತು ಅಂದರೆ ಲೆಕ್ಕ ತಪ್ಪು.

ಮನೆಯಲ್ಲೂ ಪ್ರಯತ್ನಿಸಿದ್ದೇನೆ. ಚಕ್ಕುಲಿ ಒರಳಿಗೆ ಒಂದೇ ತೂತಿನ ಬಿಲ್ಲೆ ಹಾಕಿ ಹಿಟ್ಟು ಒತ್ತಿ ಬೇಯಿಸಿದೆ. ಮೊದಲ ಸಲ ಬೆಣ್ಣೆ ಜಾಸ್ತಿಯಾಗಿ ಎತ್ತುವಾಗಲೇ ಪುಡಿಪುಡಿ. ಎರಡನೇ ಸಲ ಬೆಣ್ಣೆ ಕಮ್ಮಿ ಮಾಡಿದೆ, ಬೇಕರಿ ಸೂಪ್ ಸ್ಟಿಕ್ ಆಯ್ತು. ಮೂರನೇ ಸಲ ಪರವಾಗಿಲ್ಲ. ಚಾಕೊಲೇಟನ್ನು ತಟ್ಟೆಯಲ್ಲಿ ಇಡಬೇಡಿ, ಉದ್ದ ಲೋಟದಲ್ಲಿ ಇಟ್ಟು ಅದ್ದಿ.

ಮೊಗ್ಗಿನಜಡೆ
ಅಕ್ಕಾ, ಪ್ರಶ್ನೆ. ಆನ್‌ಲೈನಲ್ಲಿ ತರಿಸಿದ ಡಬ್ಬಿ ಒಂದು ಬಂತು. ಮೇಲೆಲ್ಲ ಬಿಳಿ ಬಿಳಿ. ಅಜ್ಜಿ ಬೂಷ್ಟು ಹಿಡಿದಿದೆ ಅಂತ ಎಸೆದುಬಿಟ್ಟರು. ಎಂಟೂ ಕಡ್ಡಿ ಒಂದಕ್ಕೊಂದು ಅಂಟಿ ಸೌದೆ ಹೊರೆ ಥರ ಆಗಿತ್ತು. ದುಡ್ಡು ವಾಪಸ್ ಕೇಳಿದರೆ "ಪ್ಯಾಕ್ ತೆರೆದಿದ್ದೀರಿ" ಅಂತ ಮೆಸೇಜ್ ಬಂತು. ತೆರೆಯದೆ ಗೊತ್ತಾಗೋದು ಹೇಗೆ?

ಓವನ್_ಅಕ್ಕ
ಬೂಷ್ಟಲ್ಲ ಪುಟ್ಟಾ. ದಾರಿಯಲ್ಲಿ ಕರಗಿ, ಮತ್ತೆ ಗಟ್ಟಿಯಾಗಿ, ಕೊಬ್ಬು ಮೇಲೆ ಬಂದು ಕೂತಿದೆ. ತಿಂದರೆ ಏನೂ ಆಗಲ್ಲ, ರುಚಿ ಮಾತ್ರ ಮಣ್ಣು. ಬೇಸಿಗೆಯಲ್ಲಿ ತರಿಸಬೇಡ. ಅಜ್ಜಿಗೆ ಬೈಯಬೇಡ.

ಕೋಡುಬಳೆ
ಜಪಾನಿನಲ್ಲಿ 70ರ ದಶಕದಲ್ಲಿ ಬಾರುಗಳಲ್ಲಿ ಐಸ್ ತುಂಬಿದ ಗ್ಲಾಸಿಗೆ ಪೊಕ್ಕಿ ಸಿಕ್ಕಿಸಿ ಕೊಡುತ್ತಿದ್ದರಂತೆ. ವಿಸ್ಕಿ ಕಲಕೋಕೆ ಅದೇ ಕಡ್ಡಿ. ಕರಗುವ ಸಮಸ್ಯೆಯೂ ಮುಗೀತು, ಸಂಜೆಯೂ ಮುಗೀತು.

ನಿರ್ವಾಹಕ
ಮಕ್ಕಳೂ ಓದುತ್ತಾರೆ ಕೋಡುಬಳೆಯವರೇ. ಅಮ್ಮನ ಸಸ್ಯಾಹಾರದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಪೆನಾಂಗ್_ಪಡ್ಡು
ಜಪಾನ್, ಕೊರಿಯಾ ಡಬ್ಬಿಯಲ್ಲಿ ನಮ್ಮ ಹಸಿರು ಚುಕ್ಕೆ ಇರಲ್ಲ. ಶಾರ್ಟನಿಂಗ್ (ಗಟ್ಟಿ ಕೊಬ್ಬು), ಎಮಲ್ಸಿಫೈಯರ್ (ಎಣ್ಣೆ, ನೀರು ಬೆರೆಸುವ ಪದಾರ್ಥ) ಅಂತ ಬರೆದಿರುತ್ತಾರೆ, ಗಿಡದ್ದೋ ಪ್ರಾಣಿಯದ್ದೋ ಅಂತ ಎಲ್ಲ ಡಬ್ಬಿಯೂ ಹೇಳಲ್ಲ. ಮಲೇಷ್ಯಾದ ಹಲಾಲ್ ಗುರುತು ನೋಡಿ ಸಸ್ಯಾಹಾರಿ ಅಂದುಕೊಳ್ಳಬೇಡಿ, ಅದು ಬೇರೆ ಲೆಕ್ಕ. ಭಾರತದಲ್ಲಿ ಮಾರುವ ಆಮದು ಡಬ್ಬಿಗೆ ಚೀಟಿ ಅಂಟಿಸಿರುತ್ತಾರೆ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ತ್ರಿಕೋನ ಇದ್ದರೆ ಅಲ್ಲ, ಮೊಟ್ಟೆ ಇದ್ದರೂ ಕಂದೇ. ಅಮ್ಮನಿಗೆ ಊರಲ್ಲೇ ಚೀಟಿ ನೋಡಿ ತಗೊಳ್ಳಿ.

ಹಿತ್ತಲಗಿಡ
ಗ್ಲಿಕೋ ಅನ್ನೋ ಹೆಸರೇ ಗ್ಲೈಕೋಜೆನ್‌ನಿಂದ ಬಂದದ್ದು. ಸಮುದ್ರದ ಸಿಂಪಿ ಬೇಯಿಸಿದ ನೀರಿನಿಂದ ಅದನ್ನು ತೆಗೆದು 1922ರಲ್ಲಿ ಕ್ಯಾರಮೆಲ್ ಮಿಠಾಯಿಗೆ ಹಾಕಿದರು. ಒಂದು ಮಿಠಾಯಿ ತಿಂದರೆ 300 ಮೀಟರ್ ಓಡಬಹುದು ಅಂತ ಜಾಹೀರಾತು. ಅಮ್ಮನಿಗೆ ಮಾತ್ರ ಈ ಕಥೆ ಹೇಳಬೇಡಿ.

ಬೆಣ್ಣೆದೋಸೆ_ಒಸಾಕಾ
ಅದು ಆ ಕಾಲದ ಮಿಠಾಯಿ ಸರ್, ಪೊಕ್ಕಿ ಅಲ್ಲ! ಒಸಾಕಾದ ದೊತೊನ್‌ಬೊರಿ ಬೀದಿಯಲ್ಲಿ ಕೈ ಎತ್ತಿ ಓಡುವ ಮನುಷ್ಯನ ದೊಡ್ಡ ದೀಪದ ಫಲಕ ಇದೆಯಲ್ಲ, ಅದು ಆ 300 ಮೀಟರಿನವನೇ. ಮೊದಲ ಫಲಕ 1935ರದ್ದು. ಯಾರೇ ನೆಂಟರು ಬಂದರೂ ಅದರ ಮುಂದೆ ಕೈ ಎತ್ತಿ ಫೋಟೋ ಆಗಲೇಬೇಕು.

ಟಿಕೆಟ್_ಕ್ಲೋಸ್ಡ್
ಗ್ಲಿಕೋ ಅಂದರೆ ನನ್ನಂಥ ಐಟಿ ಜನಕ್ಕೆ ನೆನಪಾಗೋದು ಓಡುವವನಲ್ಲ, ನಿಂತುಹೋದ ಗಾಡಿ. 2024ರ ಏಪ್ರಿಲ್‌ನಲ್ಲಿ ಹಳೆ ಸಿಸ್ಟಮ್ ಬಿಟ್ಟು ಕಂಪನಿ ವ್ಯವಹಾರ ನೋಡಿಕೊಳ್ಳುವ ಸ್ಯಾಪ್ ಸಾಫ್ಟ್‌ವೇರಿಗೆ ಹೋದರು. ತಣ್ಣಗೆ ಇಡುವ ಸಾಮಾನಿನ ಸಾಗಣೆಯೇ ನಿಂತಿತು. ಅವರ ಹೆಸರುವಾಸಿ ಪುಡ್ಡಿಂಗ್ 'ಪುಚ್ಚಿನ್ ಪುರಿನ್' ತಿಂಗಳುಗಟ್ಟಲೆ ಅಂಗಡಿಯಲ್ಲಿ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಯಾರಾದರೂ "ಈ ಭಾನುವಾರವೇ ಹೊಸದಕ್ಕೆ ಹೋಗೋಣ" ಅಂದರೆ ನಾವು "ಪುರಿನ್" ಅಂತೇವೆ. ಅಷ್ಟಕ್ಕೇ ಮೀಟಿಂಗ್ ಮುಗಿಯುತ್ತೆ.

ಹಿತ್ತಲಗಿಡ
ಇದೇನು ಮಹಾ. 1984ರಲ್ಲಿ ಗ್ಲಿಕೋ ಅಧ್ಯಕ್ಷರನ್ನೇ ಮನೆಯಿಂದ ಹೊತ್ತೊಯ್ದಿದ್ದರು. ಮೂರು ದಿನದ ಮೇಲೆ ತಾವೇ ತಪ್ಪಿಸಿಕೊಂಡು ಬಂದರು. ಆಮೇಲೆ '21 ಮುಖದ ರಾಕ್ಷಸ' ಅನ್ನೋ ಹೆಸರಿನಲ್ಲಿ ಪೊಲೀಸರಿಗೆ, ಪತ್ರಿಕೆಗಳಿಗೆ ಅಣಕದ ಕಾಗದ. ಮಿಠಾಯಿಗೆ ಸಯನೈಡ್ ಹಾಕಿದ್ದೇವೆ ಅಂತ ಬೆದರಿಕೆ. ಗ್ಲಿಕೋ ಸಾಮಾನೆಲ್ಲ ಅಂಗಡಿಗಳಿಂದ ಇಳಿಸಿದರು. ಆಮೇಲೆ ಮೊರಿನಾಗ ಕಂಪನಿಯ ಸರದಿ. 2000ದಲ್ಲಿ ಕೇಸಿನ ಅವಧಿಯೇ ಮುಗಿಯಿತು, ಯಾರೂ ಸಿಗಲಿಲ್ಲ.

ಮೊಗ್ಗಿನಜಡೆ
ಅಂಕಲ್!! ಇದರ ಮೇಲೆ ಬೇರೆ ಚರ್ಚೆ ಶುರು ಮಾಡಿ ಪ್ಲೀಸ್.

ನಿರ್ವಾಹಕ
ಹೌದು, ಬೇರೆ ಕಡೆ. ಇಲ್ಲಿ ಕಡ್ಡಿ ಮಾತ್ರ.

ಟಿಕೆಟ್_ಕ್ಲೋಸ್ಡ್
ಕಡ್ಡಿ ಆಡಿಸೋದು ನಮ್ಮ ಕೆಲಸ, ಏನು ಮಾಡೋದು. ಇರಲಿ, ಒಂದು ವಿಷಯ. ಪೆಪೆರೊ ಹೊತ್ತು ತರುವ ಅಗತ್ಯ ಇಲ್ಲ ಸರ್. 2025ರ ಜುಲೈನಿಂದ ಲೊಟ್ಟೆಯವರು ಹರಿಯಾಣದಲ್ಲೇ ಪೆಪೆರೊ ಮಾಡುತ್ತಿದ್ದಾರೆ. ಕೊರಿಯಾ ಬಿಟ್ಟು ಹೊರಗೆ ಮೊದಲ ಸಲ. ನಮ್ಮ ಸೆಖೆಗೆ ಕರಗದ ಹಾಗೆ ಚಾಕೊಲೇಟ್ ಬದಲಿಸಿದ್ದಾರಂತೆ.

ಓವನ್_ಅಕ್ಕ
ಬಿಸಿಲು ತಡೆಯೋಕೆ ಬದಲಿಸಿದ್ದಾರಾ? ಹಾಗಾದರೆ ಅಂಗುಳದ ಗತಿ ಏನು ಅಂತ ನಾನೇ ತಿಂದು ಹೇಳ್ತೇನೆ.

ಬೆಣ್ಣೆದೋಸೆ_ಒಸಾಕಾ
ಬಂದು ಮುಟ್ಟಿದೆ, ವರದಿ ಒಪ್ಪಿಸುತ್ತೇನೆ. ನಾನು ಟಿಕೆಟ್‌_ಕ್ಲೋಸ್ಡ್ ಅವರ ಮಾತನ್ನು ತಡವಾಗಿ ಓದಿದೆ. ಅಷ್ಟರಲ್ಲಿ ಒಸಾಕಾದ ತ್ಸುರುಹಾಶಿ ಕೊರಿಯನ್ ಬೀದಿಗೆ ಹೋಗಿ ಬಾದಾಮಿ ಪೆಪೆರೊ ತಂದಾಗಿತ್ತು. ಜಪಾನಿನಿಂದ ಕೊರಿಯನ್ ತಿಂಡಿ ಹೊತ್ತುಕೊಂಡು ದಾವಣಗೆರೆಗೆ ಬಂದೆ. ಜೊತೆಗೆ ಪೊಕ್ಕಿ, ಅದರಲ್ಲಿ ಅಡ್ಡ ಮುರಿದರೆ ಹೃದಯದ ಆಕಾರ ಕಾಣುವ ಸ್ಟ್ರಾಬೆರಿಯದ್ದೂ ಇತ್ತು. ಅಕ್ಕನ ಮಗಳ ಮನಸ್ಸು ತಿರುಗಲಿ ಅಂತ.

ಅವಳು ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಮುಂದಿಟ್ಟಳು. ಪೆಪೆರೊ! ಬೆಂಗಳೂರಿನಿಂದ ಗೆಳತಿ ತಂದಿದ್ದಂತೆ, ಹರಿಯಾಣದ್ದು, ಹಸಿರು ಚುಕ್ಕೆ ಸಮೇತ. ಅಮ್ಮ ಅದನ್ನೇ ತಗೊಂಡು ಚಹಾದಲ್ಲಿ ಅದ್ದಿದರು. ಈಗ ಮನೆಯಲ್ಲಿ ಪೊಕ್ಕಿ ಮಾತು ಯಾರೂ ಎತ್ತುತ್ತಿಲ್ಲ. ಹರಿಯಾಣದ ಪೆಪೆರೊ ಅಸಲಿನಾ, ಕೊರಿಯಾದ್ದೇ ಅಸಲಿನಾ ಅಂತ ಅಕ್ಕ, ಅವಳ ಮಗಳು ಜಗಳ ಆಡುತ್ತಿದ್ದಾರೆ.

ಕಿಮ್ಚಿ_ಉಪ್ಪಿನಕಾಯಿ
ಕೊರಿಯಾದ್ದೇ. ಇದರಲ್ಲಿ ಕೇಳೋದೇನಿದೆ?

ಟಿಕೆಟ್_ಕ್ಲೋಸ್ಡ್
ತಿಂದು ನೋಡಿದ್ದೀರಾ ಹರಿಯಾಣದ್ದು?

ನಿರ್ವಾಹಕ
ಇದಕ್ಕೆ ಹೊಸ ಎಳೆ ತೆರೆಯಿರಿ ದಯವಿಟ್ಟು. ಇಲ್ಲಿಗೆ ಬೀಗ ಹಾಕುತ್ತಿದ್ದೇನೆ.